ಸಗಣಿ ಬಾಚಿದವರು ಯಾರು?

ಚಿತ್ರವೊಂದರ ಅರ್ಥವೇನು ಎಂದು ಕೇಳಿದರೆ ನಮ್ಮ ತರಗತಿಗಳಲ್ಲಿ ಸಿದ್ಧ ಉತ್ತರವೊಂದು ಬರುತ್ತದೆ. ಪಾರಿವಾಳ ಅಂದ್ರೆ ಶಾಂತಿ, ಕೆಂಪು ಅಂದ್ರೆ ಕ್ರಾಂತಿ, ದೀಪ ಅಂದ್ರೆ ಜ್ಞಾನ. ಎಡಗಡೆ ವಸ್ತು, ಬಲಗಡೆ ಅರ್ಥ, ಗೆರೆ ಎಳೆದು ಹೊಂದಿಸಿದರೆ ಮುಗಿಯಿತು. ಕನ್ನಡ ಮೇಷ್ಟ್ರಾಗಿ ನಾನೂ ಈ ಪಾಪದಲ್ಲಿ ಪಾಲುದಾರ. ಆನೇಕಲ್ ತಾಲೂಕಿನ ಒಂದು ಪದವಿ ಕಾಲೇಜಿನಲ್ಲಿ ‘ಪ್ರತಿಮೆ, ಸಂಕೇತ, ರೂಪಕ’ ಎಂಬ ಭಾಗವನ್ನು ಪಾಠ ಮಾಡುವಾಗ, ಈ ಸಲ ಕವಿತೆ ಬೇಡ, ಚಿತ್ರ ತೋರಿಸೋಣ ಎಂದುಕೊಂಡು ಶೀಲಾ ಗೌಡರ 1990ರ ದಶಕದ ಕೆಲವು ಕೃತಿಗಳ ಫೋಟೋಗಳನ್ನು ಗೋಡೆಯ ಮೇಲೆ ಬಿಟ್ಟೆ. ಸಗಣಿ, ಕುಂಕುಮ, ದಾರ ಇವಿಷ್ಟೇ ಸಾಮಗ್ರಿ. ನಾನು ಓದಿಕೊಂಡು ಬಂದಿದ್ದ ಅರ್ಥಗಳನ್ನೆಲ್ಲ ಹೇಳಿದೆ. ಸಗಣಿ ಅಂದ್ರೆ ಪವಿತ್ರತೆ, ಸಗಣಿ ಅಂದ್ರೆ ಹೆಣ್ಣಿನ ದುಡಿಮೆ, ಸಗಣಿ ಅಂದ್ರೆ ನೆಲದ ಸಂಸ್ಕೃತಿ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು ಕೇಳಿದ: “ಸಾರ್, ಅಷ್ಟೊಂದ್ ಸಗಣಿ ಬಾಚ್‌ದೋರು ಯಾರು?”

ತರಗತಿ ನಕ್ಕಿತು, ನಾನೂ ನಕ್ಕೆ. ಸಂಜೆ ಚಂದಾಪುರದ ಟ್ರಾಫಿಕ್ಕಿನಲ್ಲಿ ಬಸ್ಸು ನಿಂತಾಗ ಆ ನಗು ನನ್ನನ್ನೇ ಚುಚ್ಚತೊಡಗಿತು. ಆ ಹುಡುಗ ಕೇಳಿದ್ದು ತಮಾಷೆಯ ಪ್ರಶ್ನೆಯಾಗಿರಲಿಲ್ಲ. ದಲಿತ ವಿಮರ್ಶೆ ಒಂದು ಕಲಾಕೃತಿಯ ಮುಂದೆ ನಿಂತು ಮೊದಲು ಕೇಳಬೇಕಾದ ಪ್ರಶ್ನೆಯೇ ಅದು.

ಮೊದಲು ಕಲಾವಿದೆಯ ಬಗ್ಗೆ ತಿಳಿಯಬೇಕಾದಷ್ಟು ಹೇಳುತ್ತೇನೆ. ಶೀಲಾ ಗೌಡ ಹುಟ್ಟಿದ್ದು 1957ರಲ್ಲಿ, ಭದ್ರಾವತಿಯಲ್ಲಿ. ಆರ್.ಎಂ. ಹಡಪದ್ ಅವರು ಕಟ್ಟಿದ ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಕಲಿತು, ಶಾಂತಿನಿಕೇತನಕ್ಕೆ ಹೋಗಿ, ಆಮೇಲೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಓದಿದವರು. ಶುರುವಿನಲ್ಲಿ ತೈಲವರ್ಣದಲ್ಲಿ ಚಿತ್ರ ಬರೆಯುತ್ತಿದ್ದರು. 1990ರ ದಶಕದ ಆರಂಭದಲ್ಲಿ, ಬಾಬ್ರಿ ಮಸೀದಿ ಉರುಳಿ, ಮುಂಬೈ ಹೊತ್ತಿ ಉರಿದ ದಿನಗಳಲ್ಲಿ, ಅವರ ಕೈ ಸಗಣಿಯ ಕಡೆ ತಿರುಗಿತು. ಮೊದಲು ಅದು ಚಿತ್ರದ ಮೇಲ್ಮೈಗೆ ಬಂತು. ಬರುಬರುತ್ತಾ ಚೌಕಟ್ಟನ್ನು ಬಿಟ್ಟು ನೆಲಕ್ಕಿಳಿಯಿತು. 1996ರ ‘ಮಾರ್ಟರ್ ಲೈನ್’ ಎಂಬ ಕೃತಿಯಲ್ಲಿ ಸಗಣಿಯ ಇಟ್ಟಿಗೆಗಳು ನೆಲದ ಮೇಲೆ ಸಾಲಾಗಿ ಕೂತಿವೆ. ಸಂದಿಯಲ್ಲಿ ಗಾರೆ ಇರಬೇಕಾದ ಕಡೆ ಕುಂಕುಮವಿದೆ. ದೂರದಿಂದ ನೋಡಿದರೆ ಸೀಳಿದ ಗಾಯದ ಹಾಗೆ ಕಾಣುತ್ತದೆ. ಅದೇ ವರ್ಷದ ‘ಗ್ಯಾಲಂಟ್ ಹಾರ್ಟ್ಸ್’ನಲ್ಲಿ ಸಗಣಿಯ ಜೊತೆ ದಾರವೂ ಬಣ್ಣವೂ ಸೇರಿವೆ. ಮುಂದೆ 2007ರಲ್ಲಿ ಜರ್ಮನಿಯ ಡಾಕ್ಯುಮೆಂಟಾ, 2009ರಲ್ಲಿ ವೆನಿಸ್ ಬಿಯೆನಾಲೆ ಎಂದು ಅವರ ಕೃತಿಗಳು ಜಗತ್ತನ್ನು ಸುತ್ತಿದವು.

ಒಂದು ಮಾತನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು. ನಾನು ಈ ಕೃತಿಗಳನ್ನು ನೋಡಿರುವುದು ಫೋಟೋಗಳಲ್ಲಿ ಮಾತ್ರ. ಫೋಟೋದಲ್ಲಿ ಸಗಣಿಗೆ ವಾಸನೆ ಇಲ್ಲ. ಆ ವಾಸನೆಯನ್ನು ತುಂಬಿಕೊಟ್ಟವರು ನನ್ನ ವಿದ್ಯಾರ್ಥಿಗಳು.

ಮಿಶ್ರ ಮಾಧ್ಯಮ ಎಂದು ಕರೆಯುತ್ತಾರಲ್ಲ, ಅಂಥ ಚಿತ್ರವನ್ನು ಓದುವ ಬಗೆಯೇ ಬೇರೆ. ಬಣ್ಣದಲ್ಲಿ ಬರೆದ ಹಸು ಹಸುವಲ್ಲ, ಬಣ್ಣ. ಅದು ಹಸುವನ್ನು ಸೂಚಿಸುತ್ತದೆ. ಪಿಕಾಸೊ 1912ರಲ್ಲಿ ಬೆತ್ತದ ಹೆಣಿಗೆ ಅಚ್ಚಾಗಿದ್ದ ಮೇಣಗಪಡದ ತುಂಡೊಂದನ್ನು ಚಿತ್ರಕ್ಕೆ ಅಂಟಿಸಿ, ಸುತ್ತ ಹಗ್ಗ ಬಿಗಿದಾಗ ಈ ವ್ಯವಹಾರ ಬದಲಾಯಿತು. ವಸ್ತು ತಾನೇ ಚಿತ್ರದೊಳಗೆ ಬಂದು ಕೂತಿತು. ಹಾಗೆ ಬಂದು ಕೂತದ್ದು ಬರೀ ಸಂಕೇತವಾಗಿ ಉಳಿಯುವುದಿಲ್ಲ, ಸಾಕ್ಷಿಯೂ ಆಗುತ್ತದೆ. ಹೊಗೆ ಬೆಂಕಿಯ ಸಂಕೇತವಲ್ಲ, ಬೆಂಕಿ ಇದ್ದುದಕ್ಕೆ ಸಾಕ್ಷಿ. ಗೋಡೆಗೆ ತಟ್ಟಿದ ಬೆರಣಿಯ ಮೇಲೆ ಮೂಡಿದ ಐದು ಬೆರಳು ತಾಯ್ತನದ ಸಂಕೇತವೋ ಮತ್ತೊಂದೋ ಆಗುವ ಮುಂಚೆ, ಅಲ್ಲಿ ಒಬ್ಬಳ ಕೈ ಇತ್ತು ಎನ್ನುವುದಕ್ಕೆ ಸಾಕ್ಷಿ. ಸಂಕೇತಕ್ಕೆ ಅರ್ಥ ಹೇಳಿ ಸುಮ್ಮನಾಗಬಹುದು. ಸಾಕ್ಷಿಯನ್ನಾದರೆ ಪಾಟೀಸವಾಲಿಗೆ ಒಳಪಡಿಸಬೇಕು. ಎಲ್ಲಿಂದ ಬಂದೆ, ಯಾರ ಕೈ ದಾಟಿ ಬಂದೆ, ಯಾರ ಮನೆಯೊಳಕ್ಕೆ ನಿನಗೆ ಪ್ರವೇಶವಿತ್ತು ಎಂದು ಕೇಳಬೇಕು.

ಶೀಲಾ ಗೌಡರ ಸಗಣಿಗೆ ಕಲಾವಿಮರ್ಶಕರು ಹೇಳುವ ಅರ್ಥಗಳನ್ನು ನಾನು ತಳ್ಳಿಹಾಕುವುದಿಲ್ಲ. ಗೋವನ್ನು ಮುಂದಿಟ್ಟುಕೊಂಡು ಮನುಷ್ಯರನ್ನು ಕೊಲ್ಲುವ ರಾಜಕಾರಣ ಊರೂರಿಗೆ ಬರುತ್ತಿದ್ದಾಗ, ಅದೇ ಗೋವಿನ ತ್ಯಾಜ್ಯವನ್ನು ಕೈಗೆತ್ತಿಕೊಂಡು ಗಾಯವನ್ನು ತೋರಿಸುವುದು ಸಣ್ಣ ಕೆಲಸವಲ್ಲ. ಹೆಂಗಸರು ದಿನಾ ಮಾಡಿ, ದಿನಾ ಅಳಿಸಿಹೋಗುವ ಸಾರಿಸುವ, ತಟ್ಟುವ ಕೆಲಸವನ್ನು ಕಲೆಯ ಮಟ್ಟಕ್ಕೆ ತಂದದ್ದೂ ನಿಜ. ಆದರೆ ‘ಹೆಂಗಸರು’ ಅಂದ್ರೆ ಯಾವ ಹೆಂಗಸರು? ಬಚ್ಚಲಿನ ಮುಂದೆ ಕೂತು, ಬಾಗಿಲಿಗೆ ತಂದಿಟ್ಟ ಸಗಣಿಯಲ್ಲಿ ಪಡಸಾಲೆ ಸಾರಿಸಿದವಳೇ, ಕತ್ತಲಲ್ಲಿ ಎದ್ದು ಬಂದು ಕೊಟ್ಟಿಗೆ ಬಾಚಿ ಆ ಸಗಣಿಯನ್ನು ಬಾಗಿಲಿಗೆ ತಂದಿಟ್ಟವಳೇ? ಈ ಇಬ್ಬರ ನಡುವೆ ಒಂದು ಹೊಸ್ತಿಲು ಇದೆ. ನಾನು ಓದಿಕೊಂಡು ಬಂದಿದ್ದ ಅರ್ಥಗಳಲ್ಲಿ ಆ ಹೊಸ್ತಿಲು ಇರಲಿಲ್ಲ.

ನಮ್ಮಜ್ಜಿ ಎರಡನೆಯವಳು. ತಾತ ಮದುವೆಗೆಂದು ಮಾಡಿದ ಸಾಲಕ್ಕೆ ಇದೇ ತಾಲೂಕಿನ ಒಂದು ದೊಡ್ಡ ಮನೆಯಲ್ಲಿ ಜೀತಕ್ಕಿದ್ದ. ಪತ್ರವಿದ್ದದ್ದು, ಲೆಕ್ಕವಿದ್ದದ್ದು ತಾತನ ದುಡಿಮೆಗೆ. ಅಜ್ಜಿ ಮುಂಜಾನೆ ಹೋಗಿ ಕೊಟ್ಟಿಗೆ ಬಾಚಿ, ಗಂಜಲ ಗುಡಿಸಿ, ಮಂಕರಿ ಹೊತ್ತು ತಿಪ್ಪೆಗೆ ಸುರಿದು ಬರುವುದು ಆ ಲೆಕ್ಕದ ಆಚೆಗಿನದು, ಬಿಟ್ಟಿ. ಅವಳು ಬಾಚಿದ ಸಗಣಿಯೇ ಆ ಮನೆಯ ನಡುಮನೆಯನ್ನು, ಅಡಿಗೆಮನೆಯನ್ನು, ದೇವರ ಮನೆಯ ಮುಂಭಾಗವನ್ನು ಸೇರುತ್ತಿತ್ತು. ಅವಳು ಸೇರುತ್ತಿರಲಿಲ್ಲ. “ಸಗ್ಣಿ ಒಳಕ್ಕೋಗದು ಕಣಪ್ಪ, ನಾವ್ ಈಚೆಗಿರ್ತಿದ್ವಿ” ಎಂದು ಅಜ್ಜಿ ಹೇಳುತ್ತಿದ್ದಳು. ದುಃಖದಿಂದ ಹೇಳುತ್ತಿರಲಿಲ್ಲ, ನಡೆಯುತ್ತಿದ್ದುದನ್ನು ಹಾಗೆ ಹೇಳುತ್ತಿದ್ದಳು, ಅಷ್ಟೇ. ಜೀತ ನಿರ್ಮೂಲನಾ ಕಾಯ್ದೆ ಬಂದದ್ದು 1976ರಲ್ಲಿ. ಆ ದಶಕ ಮುಗಿಯುವ ಹೊತ್ತಿಗೆ ನಮ್ಮ ಪಕ್ಕದಲ್ಲೇ ಎಲೆಕ್ಟ್ರಾನಿಕ್ ಸಿಟಿಗೆ ಜಮೀನು ಸಿದ್ಧವಾಗುತ್ತಿತ್ತು. ಕಾಯ್ದೆ ಬಂದು ಹತ್ತು ವರ್ಷ ದಾಟಿದ ಮೇಲೂ ಆನೇಕಲ್ ಸೀಮೆಯಲ್ಲಿ ಜೀತದಾಳುಗಳನ್ನು ಹುಡುಕಿ ಬಿಡಿಸುವ ಕೆಲಸ ನಡೆಯಬೇಕಾಯಿತು. ಜೀವಿಕ, ಅಂದರೆ ಜೀತ ವಿಮುಕ್ತಿ ಕರ್ನಾಟಕ, ಬೇರು ಬಿಟ್ಟದ್ದು ಈ ನೆಲದಲ್ಲೇ.

ಸಗಣಿ ಒಳಗೆ, ಬಾಚಿದವಳು ಹೊರಗೆ. ಈ ಒಂದು ಸಂಗತಿಯಲ್ಲಿ ಮೈಲಿಗೆಯ ವ್ಯಾಕರಣ ಪೂರ್ತಿ ಇದೆ. ಇದರ ಅತ್ಯಂತ ಸ್ಪಷ್ಟ ದಾಖಲೆ ಸಿಗುವುದು ಮಹಾಡದಲ್ಲಿ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ಚವದಾರ್ ಕೆರೆಗೆ ನಡೆದು ಆ ನೀರನ್ನು ಕುಡಿದರು. ದನ ಕುಡಿಯಬಹುದಾಗಿದ್ದ ನೀರು ಅದು. ಮನುಷ್ಯರು ಕುಡಿದಾಗ ಮಾತ್ರ ಮೈಲಿಗೆಯಾಯಿತು. ಅದನ್ನು ‘ಶುದ್ಧ’ ಮಾಡಲು ಸವರ್ಣೀಯರು 108 ಕೊಡ ನೀರು ಎತ್ತಿ ಹೊರಚೆಲ್ಲಿ, ಪಂಚಗವ್ಯ ಬೆರೆಸಿದರು. ಸಗಣಿ, ಗಂಜಲ, ಹಾಲು, ಮೊಸರು, ತುಪ್ಪ ಸೇರಿದ್ದೇ ಪಂಚಗವ್ಯ. ಮನುಷ್ಯ ಮುಟ್ಟಿದ ನೀರಿಗೆ ಸಗಣಿ ಬೆರೆಸಿದರೆ ಅದು ಕುಡಿಯಲು ಯೋಗ್ಯವಾಗುತ್ತದೆ! ಇದನ್ನು ತಿಳಿದ ಮೇಲೆ ಸಗಣಿಯನ್ನು ‘ಭಾರತೀಯ ಪಾವಿತ್ರ್ಯದ ಸಂಕೇತ’ ಎಂದು ಸರಾಗವಾಗಿ ಬರೆಯಲು ನನ್ನ ಪೆನ್ನು ಏಳುವುದಿಲ್ಲ. ಪಾವಿತ್ರ್ಯ ಇದ್ದದ್ದು ಸಗಣಿಯಲ್ಲಲ್ಲ, ಯಾರನ್ನು ಹೊರಗಿಡಬೇಕು ಎಂಬ ತೀರ್ಮಾನದಲ್ಲಿ. ಸಗಣಿ ಆ ತೀರ್ಮಾನದ ಮೊಹರು.

ಈ ಮೊಹರು ಬೇಕಾದಾಗ ಆಯುಧವೂ ಆಗುತ್ತದೆ. ಪುಣೆಯಲ್ಲಿ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಲು ಹೊರಟ ಸಾವಿತ್ರಿಬಾಯಿ ಫುಲೆಯವರ ಮೇಲೆ ಎರಚಿದ್ದು ಇದೇ ಸಗಣಿಯನ್ನು. ಶಾಲೆ ತಲುಪಿದ ಮೇಲೆ ಉಟ್ಟುಕೊಳ್ಳಲು ಅವರು ಇನ್ನೊಂದು ಸೀರೆ ಒಯ್ಯುತ್ತಿದ್ದರು. ತಂಜಾವೂರು ಸೀಮೆಯ ಭೂಮಾಲೀಕರು ದಲಿತ ಕೂಲಿಗಳಿಗೆ ಸಗಣಿ ಕಲಸಿದ ನೀರು ಕುಡಿಸುವ ಶಿಕ್ಷೆ ಇಟ್ಟಿದ್ದರು. ಅದಕ್ಕೆ ಅವರು ಕೊಟ್ಟ ಹೆಸರು ‘ಸಾಣಿಪ್ಪಾಲ್’, ಸಗಣಿ ಹಾಲು. ಆ ಹೆಸರಿನಲ್ಲಿ ಎಂಥ ಕ್ರೂರ ವಿನೋದವಿದೆ ನೋಡಿ. 1940ರ ದಶಕದಲ್ಲಿ ಅಲ್ಲಿನ ರೈತಕೂಲಿ ಚಳವಳಿ ಚಾಟಿಯೇಟಿನ ಜೊತೆಗೆ ಈ ಶಿಕ್ಷೆಯ ವಿರುದ್ಧವೂ ಹೋರಾಡಬೇಕಾಯಿತು. ಇನ್ನು ಶರಣಕುಮಾರ ಲಿಂಬಾಳೆಯವರ ಆತ್ಮಕಥನ ‘ಅಕ್ಕರಮಾಶಿ’ಯಲ್ಲಿ ಅಜ್ಜಿ ಸಗಣಿಯಲ್ಲಿ ಜೀರ್ಣವಾಗದೆ ಉಳಿದ ಜೋಳದ ಕಾಳನ್ನು ತೊಳೆದು, ಒಣಗಿಸಿ, ಬೀಸಿ, ರೊಟ್ಟಿ ಮಾಡುತ್ತಾಳೆ. ಒಬ್ಬರಿಗೆ ಪೂಜಾದ್ರವ್ಯ, ಒಬ್ಬರಿಗೆ ಶಿಕ್ಷೆ, ಒಬ್ಬರಿಗೆ ಹೊಟ್ಟೆಗೆ ಹಿಟ್ಟು. ಹಸು ಮಾತ್ರ ಒಂದೇ.

ಹಸು ಎಂದ ಕೂಡಲೇ ನಮ್ಮದೇ ಬೂಸಾ ಪ್ರಕರಣ ನೆನಪಾಗುತ್ತದೆ. 1973ರ ನವೆಂಬರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದಾಗ ಅಕ್ಷರಲೋಕ ಸಿಟ್ಟಾಯಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಅವರ ಮಂತ್ರಿಗಿರಿಯೂ ಹೋಯಿತು. ಅವರು ಬಳಸಿದ್ದು ಕೊಟ್ಟಿಗೆಯಿಂದ ಎತ್ತಿಕೊಂಡ ಒಂದು ಪ್ರತಿಮೆ. ಸಂಕೇತಗಳ ಬಗ್ಗೆ ಪುಟಗಟ್ಟಲೆ ಬರೆಯುತ್ತಿದ್ದ ನವ್ಯದ ಕಾಲದಲ್ಲಿ ಆ ಒಂದು ಪ್ರತಿಮೆಯನ್ನು ಓದುವ ತಾಳ್ಮೆ ಎಷ್ಟು ಜನರಿಗಿತ್ತು? ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಆದೇಶ ಮಾಡಿದವರೂ ಅದೇ ಬಸವಲಿಂಗಪ್ಪನವರೇ ಎಂಬುದನ್ನು ಇಲ್ಲಿ ಸೇರಿಸಿ ಓದಬೇಕು. ದನದ ಸಗಣಿ ಪವಿತ್ರ. ಮನುಷ್ಯರ ಮಲ ಎತ್ತಿದವನು ಅಸ್ಪೃಶ್ಯ. ಇವು ಒಂದೇ ಶಾಸ್ತ್ರದ ಎರಡು ಪುಟಗಳು.

ಇಲ್ಲಿಗೆ ನಿಲ್ಲಿಸಿದರೆ ನನ್ನ ಓದು ಸಲೀಸಾಗಿಬಿಡುತ್ತದೆ. ಸಗಣಿ ಅಂದ್ರೆ ಬ್ರಾಹ್ಮಣಶಾಹಿ ಎಂದು ಇನ್ನೊಂದು ಗೆರೆ ಎಳೆದು ಹೊಂದಿಸಿದಂತಾಗುತ್ತದೆ. ಆದರೆ ನಮ್ಮ ಮನೆಯ ನೆಲವೂ ಸಗಣಿಯ ನೆಲವೇ ಆಗಿತ್ತು. ನಮಗೆ ಹಸು ಇರಲಿಲ್ಲ, ಸಗಣಿ ಇತ್ತು. ದನಗಳು ಮೇಯಲು ಹೋಗುವ ದಾರಿಯಲ್ಲಿ ಬಿದ್ದದ್ದನ್ನು ಅಜ್ಜಿ ಆರಿಸಿ ತಂದು, ಗೋಡೆಗೆ ತಟ್ಟಿ, ಒಲೆಗೆ ಉರುವಲು ಮಾಡುತ್ತಿದ್ದಳು. ಹಬ್ಬದ ದಿನ ಒಂದು ಮುಷ್ಟಿ ಸಗಣಿಗೆ ಗರಿಕೆ ಸಿಕ್ಕಿಸಿ ಬೆನಕ ಎಂದು ಕೂರಿಸುತ್ತಿದ್ದಳು. ಆ ಬೆನಕನಿಗೆ ಪುರೋಹಿತ ಬೇಕಿರಲಿಲ್ಲ, ಮಂತ್ರ ಬೇಕಿರಲಿಲ್ಲ, ಮಾರನೆಯ ದಿನ ಅವನು ತಿಪ್ಪೆಗೋ ಬಾವಿಗೋ ಹೋಗುತ್ತಿದ್ದ. ದೊಡ್ಡ ಮನೆಯಲ್ಲಿ ಜೀತವಾಗಿದ್ದ ಸಗಣಿಯೇ ಕೇರಿಯಲ್ಲಿ ನೆಲವಾಗಿತ್ತು, ಬೆಂಕಿಯಾಗಿತ್ತು, ದೇವರಾಗಿತ್ತು. ದಲಿತ ಅಭಿವ್ಯಕ್ತಿ ಸಿಟ್ಟು ಮತ್ತು ಇಲ್ಲದಿರುವಿಕೆಗಳಲ್ಲೇ ಕಟ್ಟುಬಿದ್ದು ತನ್ನ ಸಮುದಾಯದ ಸಾಂಕೇತಿಕ ಲೋಕವನ್ನು ಕಳೆದುಕೊಳ್ಳಬಾರದು ಎಂಬ ಚಿಂತನೆಯನ್ನು ಡಿ.ಆರ್. ನಾಗರಾಜ್ ತಮ್ಮ ‘ದಿ ಫ್ಲೇಮಿಂಗ್ ಫೀಟ್’ (1993) ಪುಸ್ತಕದಲ್ಲಿ ಮುಂದಿಟ್ಟರು. ಅವರ ಜೊತೆ ನನಗೆ ಬೇರೆ ತಕರಾರುಗಳಿವೆ. ಅಜ್ಜಿಯ ಬೆನಕನ ವಿಷಯದಲ್ಲಿ ಇಲ್ಲ.

ಆದ್ದರಿಂದ ‘ಮಾರ್ಟರ್ ಲೈನ್’ ಮುಂದೆ ನಿಂತಾಗ ನನಗೆ ಕಾಣುವುದು ಎರಡು ಬಗೆಯ ಸಗಣಿ. ಅದರ ಇಟ್ಟಿಗೆ ಸಾಲನ್ನು ಗೋಡೆಯ ಬುನಾದಿ ಎಂದು ಓದಬಹುದು, ಊರು ಕೇರಿಗಳ ನಡುವಿನ ಗಡಿ ಎಂದೂ ಓದಬಹುದು. ಕುಂಕುಮ ಇಟ್ಟಿಗೆಗಳನ್ನು ಬೆಸೆಯುವ ಗಾರೆಯೂ ಹೌದು, ಒಸರುವ ರಕ್ತವೂ ಹೌದು. ಗಾರೆ ಒಣಗಿ ಗಟ್ಟಿಯಾಗುತ್ತದೆ, ಕುಂಕುಮ ಆಗುವುದಿಲ್ಲ. ಗಾಳಿ ಬೀಸಿದರೆ ಹಾರುವ ಪುಡಿ ಅದು. ಹಾಗಾಗಿ ಈ ಗೋಡೆ ನಿಂತಿರುವುದು ಬಲದಿಂದಲ್ಲ, ಯಾರೂ ದಾಟದೆ ಇರುವುದರಿಂದ. ಜಾತಿಯ ಗಡಿಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಕಲಾವಿದೆ ಹೀಗೆ ಉದ್ದೇಶಿಸಿದ್ದರೇ ಎಂದು ಯಾರಾದರೂ ಕೇಳಬಹುದು. ಸಾಕ್ಷಿಯನ್ನು ಕರೆತಂದವರಿಗೆ ಸಾಕ್ಷಿಗೆ ಗೊತ್ತಿರುವುದೆಲ್ಲ ಗೊತ್ತಿರಬೇಕೆಂಬ ನಿಯಮವಿಲ್ಲ.

ಹೆಸರಿನ ಕೊನೆಯ ‘ಗೌಡ’ ಎಂಬ ಪದ ಕಂಡು ನನ್ನ ಇನ್ನೊಬ್ಬ ವಿದ್ಯಾರ್ಥಿ, “ಗೌಡ್ರ ಮನೆ ಸಗಣಿ ಬಿಡಿ ಸಾರ್” ಎಂದ. ನಗು ಬಂತು, ಆದರೆ ಒಪ್ಪಲಿಲ್ಲ. ಹೆಸರು ನೋಡಿ ಜಾತಿ ಎಣಿಸುವುದು, ಜಾತಿ ಎಣಿಸಿ ಕೃತಿಯನ್ನು ತೂಗುವುದು ನಮ್ಮ ವಿರುದ್ಧ ತಲೆಮಾರುಗಳಿಂದ ಆಡಿದ ಆಟ. ಆ ಆಟವನ್ನು ನಾವು ಕಲಿತರೆ ಚೆನ್ನಾಗಿ ಆಡುತ್ತೇವೇನೋ, ಚಿತ್ರ ಮಾತ್ರ ಕಾಣುವುದಿಲ್ಲ. ನನ್ನ ತಕರಾರು ಇರುವುದು ಗ್ಯಾಲರಿಯ ಬಿಳಿ ಗೋಡೆಯ ಜೊತೆ. ಕೃತಿಯ ಪಕ್ಕದ ಚೀಟಿಯಲ್ಲಿ ತೈಲವರ್ಣ ಎಂದು ಬರೆಯುವ ಹಾಗೆ ಸಗಣಿ, ಕುಂಕುಮ, ದಾರ ಎಂದು ಬರೆದಿರುತ್ತಾರೆ. ಸಾಮಗ್ರಿಯ ಹೆಸರು ಇರುತ್ತದೆ, ಅದನ್ನು ಕೂಡಿಸಿದ ದುಡಿಮೆಯ ಹೆಸರು ಇರುವುದಿಲ್ಲ. ಲಂಡನ್ನಿನಲ್ಲೋ ವೆನಿಸ್‌ನಲ್ಲೋ ನಿಂತು ನೋಡುವವರಿಗೆ ಅದು ‘ಭಾರತ’ವಾಗಿಬಿಡುತ್ತದೆ. ಕೇರಿ ಮತ್ತು ಊರು ಎರಡೂ ಒಂದೇ ಭಾರತವಾಗಿ ಕಾಣುವುದು ಅಷ್ಟು ದೂರದಿಂದ ಮಾತ್ರ.

ನೆಲ ಬದಲಾದರೆ ಅದೇ ಬಗೆಯ ವಸ್ತುವಿಗೆ ಏನಾಗುತ್ತದೆ ಎನ್ನುವುದಕ್ಕೆ ಹೊರಗಿನ ಒಂದು ಉದಾಹರಣೆ. ಇಂಗ್ಲೆಂಡಿನ ಕಪ್ಪು ಕಲಾವಿದ ಕ್ರಿಸ್ ಒಫಿಲಿ 1996ರಲ್ಲಿ ಕಪ್ಪು ಮೇರಿಯ ಚಿತ್ರವೊಂದನ್ನು ಆನೆಯ ಲದ್ದಿ ಬಳಸಿ ಮಾಡಿದರು. 1999ರಲ್ಲಿ ಅದು ನ್ಯೂಯಾರ್ಕಿನ ಬ್ರೂಕ್ಲಿನ್ ಮ್ಯೂಸಿಯಮ್ಮಿಗೆ ಬಂದಾಗ ನಗರದ ಮೇಯರ್ ಜೂಲಿಯಾನಿ ಇದು ಧರ್ಮಕ್ಕೆ ಅವಮಾನವೆಂದು ಮ್ಯೂಸಿಯಮ್ಮಿನ ಅನುದಾನ ನಿಲ್ಲಿಸಲು ಹೊರಟರು, ವಿಷಯ ಕೋರ್ಟಿಗೆ ಹೋಯಿತು. ಅಲ್ಲಿ ಲದ್ದಿ ದೇವರನ್ನು ಕೆಡಿಸಿತು. ಇಲ್ಲಿ ಸಗಣಿ ದೇವರ ಜಾಗವನ್ನು ಶುದ್ಧ ಮಾಡುತ್ತದೆ. ಎರಡು ಕಡೆಯೂ ಗಲಾಟೆ ಮಾಡಿದವರು, ಯಾವುದು ಶುದ್ಧ ಎಂದು ಹೇಳುವ ಅಧಿಕಾರ ತಮ್ಮದೆಂದು ನಂಬಿದವರೇ.

ನಮ್ಮವರು ಬೇರೆ ದಾರಿಗಳನ್ನೂ ಹಿಡಿದಿದ್ದಾರೆ. ನಾಗಪುರದಲ್ಲಿ ಹುಟ್ಟಿದ ಸವಿ ಸಾವರ್ಕರ್ ಕೊರಳಿಗೆ ಮಡಕೆ, ಬೆನ್ನಿಗೆ ಪೊರಕೆ ಕಟ್ಟಿಕೊಂಡ ಅಸ್ಪೃಶ್ಯನನ್ನು ಎದುರಿಗೇ ತಂದು ನಿಲ್ಲಿಸುತ್ತಾರೆ. ಅಲ್ಲಿ ಪಾಟೀಸವಾಲೇ ಬೇಕಿಲ್ಲ, ಆರೋಪಪಟ್ಟಿಯೇ ಸಿದ್ಧವಾಗಿದೆ. ನನಗೆ ಎರಡೂ ಬೇಕು. ಆದರೆ ವಸ್ತುವನ್ನೇ ಸಾಕ್ಷಿಗೆ ಕರೆತಂದ ಬಹು ದೊಡ್ಡ ಪ್ರದರ್ಶನ ನಡೆದದ್ದು ಯಾವ ಗ್ಯಾಲರಿಯಲ್ಲೂ ಅಲ್ಲ. 2016ರ ಜುಲೈನಲ್ಲಿ ಗುಜರಾತಿನ ಊನಾದಲ್ಲಿ ಸತ್ತ ಹಸುವಿನ ಚರ್ಮ ಸುಲಿಯುತ್ತಿದ್ದ ದಲಿತ ಯುವಕರನ್ನು ಕಟ್ಟಿ ಹೊಡೆದರು. ಅದಾದ ಮೇಲೆ ಸುರೇಂದ್ರನಗರದಲ್ಲಿ ದಲಿತರು ಸತ್ತ ದನಗಳನ್ನು ತಂದು ಜಿಲ್ಲಾಧಿಕಾರಿ ಕಚೇರಿಯ ಮುಂದೆ ಸುರಿದರು. ನಿಮ್ಮ ಮಾತೆ, ನೀವೇ ಮಣ್ಣು ಮಾಡಿ ಎಂಬುದು ಅದರ ತಾತ್ಪರ್ಯ. ಆ ದನಗಳು ಯಾವುದರ ಸಂಕೇತವೂ ಆಗಿರಲಿಲ್ಲ. ಅಲ್ಲಿ ಬಿದ್ದಿದ್ದವು, ನಾರುತ್ತಿದ್ದವು, ಎತ್ತುವವರಿರಲಿಲ್ಲ.

ಸಗಣಿ ಈಗ ಪ್ಯಾಕೆಟ್ಟಿನಲ್ಲೂ ಬರುತ್ತದೆ. ನಮ್ಮ ಹೊಸೂರು ರಸ್ತೆಯ ಅಪಾರ್ಟ್‌ಮೆಂಟುಗಳ ಗೃಹಪ್ರವೇಶಕ್ಕೆ, ಹೋಮಕ್ಕೆ ಬೆರಣಿಯನ್ನು ಮೊಬೈಲಿನಲ್ಲೇ ತರಿಸಿಕೊಳ್ಳುತ್ತಾರೆ. ಅಚ್ಚಿನಲ್ಲಿ ಒತ್ತಿದ ಬೆರಣಿ. ಬೆರಳ ಗುರುತೇ ಇರುವುದಿಲ್ಲ. ಅದೇ ಕಟ್ಟಡಗಳ ಕಸ ಎತ್ತುವುದು, ಶೌಚಾಲಯ ತೊಳೆಯುವುದು, ಕೊಳಚೆ ಗುಂಡಿಯ ಕಡೆ ಹೋಗುವುದು ಯಾರ ಮಕ್ಕಳು ಎಂದು ನನ್ನ ತರಗತಿಯಲ್ಲಿ ಕೇಳಿದರೆ ಬಹಳ ಕೈಗಳು ಏಳುತ್ತವೆ. ಗುತ್ತಿಗೆಯ ಈ ಕೆಲಸಕ್ಕೆ ‘ಹೌಸ್‌ಕೀಪಿಂಗ್’ ಎಂದು ಹೆಸರು. ಮನೆ ಅವರದಲ್ಲ.

ಆ ಪಾಠ ಮುಗಿದ ಮೇಲೆ ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಟ್ಟೆ. ಬಣ್ಣ ಬೇಡ, ಮನೆಯಿಂದ ಒಂದು ವಸ್ತು ತಂದು ಹಾಳೆಗೆ ಅಂಟಿಸಿ, ಅದು ಯಾರ ಕೈ ದಾಟಿ ಬಂತು ಎಂದು ಕೆಳಗೆ ಬರೆಯಿರಿ ಎಂದೆ. ಜಿಗಣಿಯ ಕಲ್ಲು ಪಾಲಿಶ್ ಘಟಕದಿಂದ ಒಬ್ಬ ಬಿಳಿ ಪುಡಿ ತಂದಿದ್ದ, ಅವನ ಅಣ್ಣನ ಅಂಗಿಯಿಂದ ಕೊಡವಿದ್ದು. ಗಾರ್ಮೆಂಟ್ಸ್‌ನಿಂದ ಬಟ್ಟೆಚೂರು, ಕಂಪನಿಯ ಹಳೆ ಗುರುತಿನ ಚೀಟಿಯ ದಾರ, ಗೂಡು ಬಿಚ್ಚಿದ ಮೇಲೆ ಉಳಿದ ರೇಷ್ಮೆ ಎಳೆ ಎಲ್ಲ ಬಂದವು. ಸಗಣಿಯ ಪ್ರಶ್ನೆ ಕೇಳಿದ್ದ ಹುಡುಗ ಏನನ್ನೂ ತರಲಿಲ್ಲ. ಖಾಲಿ ಹಾಳೆ ಕೊಟ್ಟು, ನಮ್ಮನೇಲಿ ಬಿಸಾಡೋ ಅಂಥದ್ದೇನೂ ಇಲ್ಲ ಸಾರ್ ಎಂದ. ಒಬ್ಬಳು ಅಮ್ಮ ಕೆಲಸಕ್ಕೆ ಹಾಕಿಕೊಳ್ಳುವ ಹಳದಿ ರಬ್ಬರ್ ಗ್ಲೌಸನ್ನು ಅಂಟಿಸಿದ್ದಳು. ಇದು ಯಾವುದರ ಸಂಕೇತ ಎಂದು, ಹಳೆಯ ಚಟ, ಮತ್ತೆ ಕೇಳಿಬಿಟ್ಟೆ. “ಸಂಕೇತ ಅಲ್ಲ ಸಾರ್, ಅಮ್ಮಂದು” ಅಂದಳು. ಶನಿವಾರ ಹಾಳೆಗಳನ್ನು ಗೋಡೆಗೆ ಹಚ್ಚಿದೆವು. ಅಂದು ಸಂಜೆಯೇ ಅವಳು ಬಂದು, ಸೋಮವಾರ ಅಮ್ಮನಿಗೆ ಡ್ಯೂಟಿ ಇದೆ ಎಂದು ಗ್ಲೌಸನ್ನು ಬಿಚ್ಚಿಕೊಂಡು ಹೋದಳು. ಗೋಂದಿನ ಗುರುತಿರುವ ಹಾಳೆಯನ್ನು ಹಾಗೇ ಬಿಟ್ಟಿದ್ದೇವೆ.